ಲೆಗೊದಲ್ಲಿ ಒಂದು ಹಿಟಾಚಿ

ಪ್ಲಾಸ್ಟಿಕ್ ಇಟ್ಟಿಗೆಯಲ್ಲಿ ಮಣ್ಣು ಅಗೆಯುವ ಯಂತ್ರ ಕಟ್ಟೋಕೆ ಹೊರಟವರು ಮೊದಲು ಚೈನ್ ನೋಡಬೇಕು. ಬೂಮ್, ಅಂದರೆ ಯಂತ್ರದ ದೊಡ್ಡ ತೋಳು, ಎಷ್ಟು ಉದ್ದ, ಕ್ಯಾಬಿನ್ ಎಷ್ಟು ಎತ್ತರ ಅನ್ನೋದೆಲ್ಲ ಆಮೇಲೆ. ಉಳಿದದ್ದನ್ನೆಲ್ಲ ನಮಗೆ ಬೇಕಾದ ಅಳತೆಗೆ ಜೋಡಿಸಿಕೊಳ್ಳಬಹುದು. ಚೈನಿನ ತುಂಡು ಮಾತ್ರ ಬಂದ ಅಳತೆಯಲ್ಲೇ ಬರುತ್ತದೆ. ಗೇರು, ಬೀಮುಗಳಿರುವ ಲೆಗೊ ಸರಣಿಯಾದ ಟೆಕ್ನಿಕ್‌ನ ಅಗಲ ಚೈನ್ ತುಂಡು 40 ಮಿ.ಮೀ. ಇದೆ. 20 ಟನ್ ದರ್ಜೆಯ ನಿಜವಾದ ಯಂತ್ರದಲ್ಲಿ ಚೈನಿನ ಪಟ್ಟಿ ಸಾಮಾನ್ಯವಾಗಿ 600 ಮಿ.ಮೀ. ಭಾಗಿಸಿದರೆ 15. ಹಾಗಾಗಿ ನನ್ನ ಮಾದರಿಯ ಅಳತೆ 1:15 ಅಂತ ತೀರ್ಮಾನ ಆಯಿತು.

ನಾನಿರುವುದು ಧಾರವಾಡದಲ್ಲಿ. ಇಲ್ಲಿ ಟಾಟಾ ಹಿಟಾಚಿಯ ಕಾರ್ಖಾನೆ ಇದೆ. ಹೆದ್ದಾರಿಗೆ ಹೋದರೆ ಟ್ರೇಲರ್ ಮೇಲೆ ಕೂತ ಹೊಸ ಕಿತ್ತಳೆ ಬಣ್ಣದ ಯಂತ್ರಗಳು ಕಣ್ಣಿಗೆ ಬೀಳುತ್ತವೆ. ಅದಕ್ಕೇ ಇರಬೇಕು, ನಮ್ಮ ಕಡೆ ಎಲ್ಲರೂ ಯಾವ ಕಂಪನಿಯದಾದರೂ ಚಕ್ರ ಇದ್ದರೆ ಜೆಸಿಬಿ, ಚೈನ್ ಇದ್ದರೆ ಹಿಟಾಚಿ ಅಂತಾರೆ. ನನಗೆ ಕಟ್ಟಬೇಕಿದ್ದದ್ದು ಚೈನಿನದ್ದು. ಮುಂದಿನ ರಸ್ತೆಯಲ್ಲಿ ಒಳಚರಂಡಿ ಕೆಲಸ ನಡೀತಿತ್ತು. ಅಲ್ಲಿ ನಿಂತು ನೋಡ್ತಾ ನೋಡ್ತಾ ಹುಟ್ಟಿದ ಆಸೆ ಇದು.

ಡಬ್ಬಿಯಲ್ಲಿ ಬರುವ ಸೆಟ್ ತಂದು, ಪುಸ್ತಕ ನೋಡಿ ಜೋಡಿಸಬಹುದಿತ್ತಲ್ಲ ಅಂತ ಕೇಳಬಹುದು. ಅದರಲ್ಲಿ ತಪ್ಪೇನೂ ಇಲ್ಲ. ಲೆಗೊ 2019ರಲ್ಲಿ ಲೀಬ್‌ಹೆರ್ ಆರ್ 9800 ಅನ್ನೋ ಗಣಿ ಯಂತ್ರದ ಮಾದರಿ ತಂದಿತು. 4108 ತುಂಡು, 7 ಮೋಟಾರು. ಅದನ್ನು ಫೋನಿನಿಂದ ಓಡಿಸಬೇಕು. ನೋಡೋಕೆ ಭಾರೀ ಚೆನ್ನಾಗಿದೆ. ಆದರೆ ಪುಸ್ತಕ ನೋಡಿ ಕಟ್ಟುವಾಗ ಈ ಗೇರ್ ಇಲ್ಲೇ ಯಾಕೆ ಬಂತು ಅನ್ನೋ ಪ್ರಶ್ನೆಗೆ ಉತ್ತರ ಸಿಗೋದಿಲ್ಲ. ಇನ್ನೊಂದು, ಗಾಜಿನ ಪರದೆ ಮೇಲೆ ಬೆರಳಾಡಿಸಿ ಯಂತ್ರ ಓಡಿಸೋದು ನನಗೆ ಹಿಡಿಸೋದಿಲ್ಲ. ಕೈಗೆ ಲಿವರ್ ಸಿಗಬೇಕು. ಹಾಗಾಗಿ ಹಳೆಯ ಪವರ್ ಫಂಕ್ಷನ್ಸ್ ಸಾಮಾನೇ ಇರಲಿ ಅಂದುಕೊಂಡೆ. ಅದು 2007ರಲ್ಲಿ ಬಂದ, ಲೆಗೊದ ಮೋಟಾರು, ರಿಮೋಟುಗಳ ಪದ್ಧತಿ. ಟಿವಿ ರಿಮೋಟಿನಂತೆ ಇನ್‌ಫ್ರಾರೆಡ್ ಬೆಳಕಿನಿಂದ ನಡೆಯುತ್ತದೆ. ಈಗ ಅದರ ತಯಾರಿಕೆ ನಿಂತಿದೆ. ಹಳೆಯದನ್ನೇ ಹುಡುಕಬೇಕು.

ಹುಡುಕೋದು ಅಂದರೆ ದೇಶದೊಳಗೇ ಹುಡುಕೋದು. ಆಟಿಕೆಗಳ ಆಮದು ಸುಂಕವನ್ನು 2020ರಲ್ಲಿ ಶೇ. 20ರಿಂದ ಶೇ. 60ಕ್ಕೆ ಏರಿಸಿದರು, 2023ರಲ್ಲಿ ಶೇ. 70ಕ್ಕೆ. 2021ರ ಜನವರಿ 1ರಿಂದ ಬಿಐಎಸ್ ಗುಣಮಟ್ಟದ ಗುರುತೂ ಕಡ್ಡಾಯ. ಹೊರದೇಶದಿಂದ ನಾಲ್ಕು ಗೇರ್ ತರಿಸೋಕೆ ಅಷ್ಟೆಲ್ಲ ಯಾರು ಒದ್ದಾಡ್ತಾರೆ? ಇದೇ ಹುಚ್ಚಿನ ಬೆಂಗಳೂರು, ಪುಣೆಯ ಗೆಳೆಯರಿಂದ ಮೋಟಾರು, ರಿಸೀವರು ಕೊಂಡೆ. ಸಾಲಾಗಿ ತೂತಿರುವ ಬೀಮುಗಳು, ಅವನ್ನು ಜೋಡಿಸುವ ಪಿನ್ನುಗಳು ಮನೆಯಲ್ಲೇ ಪೇಢಾ ಡಬ್ಬಿಗಳಲ್ಲಿ ತುಂಬಿದ್ದವು. ಕಿತ್ತಳೆ ಬಣ್ಣದ ತುಂಡು ಸಾಕಷ್ಟು ಸಿಗಲಿಲ್ಲ. ಹಾಗಾಗಿ ನನ್ನ ಹಿಟಾಚಿ ಹಳದಿ. ನೋಡಿದವರೆಲ್ಲ ಅದನ್ನು ಜೆಸಿಬಿ ಅಂತಲೇ ಕರೆಯುತ್ತಾರೆ. ತಿದ್ದೋದು ಬಿಟ್ಟಿದ್ದೇನೆ.

ಅಳತೆ ಸಿಕ್ಕಿತು. ಇನ್ನು ಲೆಕ್ಕ. ಟೆಕ್ನಿಕ್‌ನಲ್ಲಿ ಒಂದು ತೂತಿನಿಂದ ಇನ್ನೊಂದಕ್ಕೆ 8 ಮಿ.ಮೀ. ದೂರ. ಇದೇ ನಮ್ಮ ಗಜಕಡ್ಡಿ. ನಿಜವಾದ ಯಂತ್ರದ ಅಗಲ ಸುಮಾರು 2.8 ಮೀಟರ್. ಹದಿನೈದರಿಂದ ಭಾಗಿಸಿದರೆ 187 ಮಿ.ಮೀ., ಅಂದರೆ 23 ತೂತು. ಬೂಮ್ ಸುಮಾರು 5.7 ಮೀಟರ್, ಅಂದರೆ 38 ಸೆಂ.ಮೀ. ಇಲ್ಲೇ ತಲೆನೋವು ಶುರು. ಟೆಕ್ನಿಕ್‌ನ ಅತಿ ಉದ್ದದ ನೇರ ಬೀಮ್‌ಗೆ 15 ತೂತು ಇರುತ್ತದೆ, 12 ಸೆಂ.ಮೀ. ಅಷ್ಟೇ. ಬೂಮ್‌ಗೆ ಅಂಥ ಹಲವು ಬೀಮುಗಳನ್ನು ಒಂದರ ಮೇಲೊಂದು ಹಾಯಿಸಿ ಸೇರಿಸಬೇಕು. ಸೇರಿಸಿದ ಜಾಗದಲ್ಲೆಲ್ಲ ಅದು ಬಾಗುತ್ತದೆ.

ನಿಜವಾದ ಬೂಮ್ ಉಕ್ಕಿನ ತಗಡುಗಳನ್ನು ವೆಲ್ಡ್ ಮಾಡಿ ಮಾಡಿದ ಟೊಳ್ಳು ಪೆಟ್ಟಿಗೆ. ನಾನೂ ಹಾಗೇ ಮಾಡಿದೆ. ಎರಡು ಪಕ್ಕಕ್ಕೆ ಎರಡು ಗೋಡೆ, ನಡುವೆ ಅಡ್ಡ ಕಟ್ಟು, ಒಳಗೆ ಖಾಲಿ. ಆ ಖಾಲಿ ಜಾಗ ಮುಂದೆ ಮೋಟಾರುಗಳಿಗೆ ಉಪಯೋಗಕ್ಕೆ ಬಂತು. ಆದರೆ ಬೂಮ್ ನೇರ ಇರೋದಿಲ್ಲ, ನಡುವೆ ಬಾಗಿರುತ್ತದೆ ಅಲ್ವಾ? ಲೆಗೊದ ಬಾಗಿದ ಬೀಮುಗಳ ಕೋನ 53.13 ಡಿಗ್ರಿ. ಇದೇನು ವಿಚಿತ್ರ ಸಂಖ್ಯೆ ಅನಿಸಬಹುದು. 3, 4, 5 ಬಾಹುಗಳ ತ್ರಿಕೋನದ ಕೋನ ಅದು. ಅಷ್ಟು ಬಾಗಿಸಿದರೂ ತುದಿಯ ತೂತುಗಳು ಮತ್ತೆ ಚೌಕದ ಲೆಕ್ಕಕ್ಕೇ ಬಂದು ಕೂರುತ್ತವೆ. ಬುದ್ಧಿವಂತಿಕೆಯೇ. ಆದರೆ ನನ್ನ ಬೂಮ್‌ಗೆ ಆ ಕೋನ ಹಾಕಿದರೆ ಒಂಟೆ ಬೆನ್ನಿನಂತೆ ಕಾಣುತ್ತಿತ್ತು.

ಹೈಸ್ಕೂಲಿನ ಗಣಿತ ನೆನಪಾಯಿತು. 5, 12, 13 ಕೂಡ ಲಂಬಕೋನ ತ್ರಿಕೋನವೇ. ಅದರ ಕೋನ ಸುಮಾರು 22.6 ಡಿಗ್ರಿ, ನನಗೆ ಬೇಕಾದಷ್ಟೇ ಹದವಾದ ಬಾಗು. ಇಲ್ಲಿ ಒಂದು ಸಣ್ಣ ವಿಷಯ ಗಮನಿಸಬೇಕು. ಎಣಿಸಬೇಕಾದ್ದು ತೂತುಗಳ ನಡುವಿನ ದೂರ. 13ರ ಬಾಹುವಿಗೆ 14 ತೂತು ಬೇಕು, 12ಕ್ಕೆ 13, 5ಕ್ಕೆ 6. ಎಲ್ಲವೂ 15ರೊಳಗೇ ಇದೆ. ತ್ರಿಕೋನ ಬೂಮಿನ ಗೋಡೆಯೊಳಗೇ ಅಡಗಿ ಕೂತಿತು. ಗೋಡೆಯೂ ಗಟ್ಟಿಯಾಯಿತು. ತ್ರಿಕೋನ ಯಾವತ್ತೂ ಅಲುಗೋದಿಲ್ಲವಲ್ಲ.

ಇದನ್ನೆಲ್ಲ ಮೊದಲು ಕಂಪ್ಯೂಟರಿನಲ್ಲೇ ಜೋಡಿಸಿ ನೋಡಿದ್ದೆ. ಲೆಗೊ ತುಂಡುಗಳನ್ನು ತೆರೆಯ ಮೇಲೆ ಜೋಡಿಸುವ ಎಲ್‌ಡ್ರಾ ಅನ್ನೋ ಪದ್ಧತಿಯನ್ನು ಆಸ್ಟ್ರೇಲಿಯಾದ ಜೇಮ್ಸ್ ಜೆಸ್ಸಿಮನ್ 1995ರಲ್ಲಿ ಮಾಡಿದರು. ಅವರು 1997ರಲ್ಲಿ ತೀರಿಕೊಂಡರು. ಅವರು ಶುರು ಮಾಡಿದ ತುಂಡುಗಳ ಭಂಡಾರವನ್ನು ಹವ್ಯಾಸಿಗಳು ಇವತ್ತಿಗೂ ಬೆಳೆಸುತ್ತಿದ್ದಾರೆ. ತೆರೆಯ ಮೇಲೆ ತೂತಿಗೆ ತೂತು ಕೂಡುತ್ತದೋ ಇಲ್ಲವೋ ಅನ್ನೋದು ಪಕ್ಕಾ ಗೊತ್ತಾಗುತ್ತದೆ. ಭಾರ ಮಾತ್ರ ಗೊತ್ತಾಗೋದಿಲ್ಲ. ತೆರೆಯ ಮೇಲೆ ನನ್ನ ಬೂಮ್ ಗಾಳಿಯಲ್ಲಿ ಆರಾಮಾಗಿ ನಿಂತಿತ್ತು!

ಈಗ ಮುಖ್ಯ ವಿಷಯಕ್ಕೆ ಬರ್ತೀನಿ.

ಹಿಟಾಚಿ ಮಾಡುವ ಕೆಲಸ ಆರು. ಎಡ ಚೈನ್, ಬಲ ಚೈನ್, ಮೇಲಿನ ಭಾಗ ತಿರುಗೋದು ಅಂದರೆ ಸ್ವಿಂಗ್, ಬೂಮ್, ಅದರ ತುದಿಯಲ್ಲಿ ಮಡಚುವ ಆರ್ಮ್, ಬಕೆಟ್. ನಿಜವಾದ ಯಂತ್ರದಲ್ಲಿ ಇಂಜಿನ್ ಒಂದೇ. ಅದು ಪಂಪು ತಿರುಗಿಸುತ್ತದೆ. ಪಂಪು ಎಣ್ಣೆ ಒತ್ತುತ್ತದೆ. ಎಣ್ಣೆ ಪೈಪಿನಲ್ಲಿ ಎಲ್ಲಿಗೆ ಬೇಕಾದರೂ ಹೋಗುತ್ತದೆ. ಬೂಮಿನ ಬೆನ್ನ ಮೇಲೆ ಹಾದು, ಮಡಚುವ ಜಾಗದಲ್ಲಿ ರಬ್ಬರ್ ಹೋಸ್ ಆಗಿ ಬಾಗಿ, ಬಕೆಟ್ ಸಿಲಿಂಡರಿನವರೆಗೂ ತಲುಪುತ್ತದೆ. ಗೇರಿಗೆ ಆ ಸುಖ ಇಲ್ಲ. ಶಾಫ್ಟು ಬಾಗೋದಿಲ್ಲ. ಮೋಟಾರ್ ಎಲ್ಲಿ ಕೂತಿದೆಯೋ ಅಲ್ಲಿಂದ ಕೆಲಸದ ಜಾಗಕ್ಕೆ ಹಲ್ಲಿಗೆ ಹಲ್ಲು ಕೂಡಿಸಿಕೊಂಡೇ ಹೋಗಬೇಕು. ಆರು ಮೋಟಾರುಗಳಲ್ಲಿ ಯಾವುದು ಎಲ್ಲಿ ಕೂರಬೇಕು ಅನ್ನೋದು ಇಡೀ ಕೆಲಸದ ತಿರುಳು. ನಾನು ಬಿಚ್ಚಿ ಕಟ್ಟಿದ್ದೆಲ್ಲ ಇದೊಂದಕ್ಕಾಗಿಯೇ. ಉಳಿದದ್ದು ಸುಮ್ನೆ ಪಿನ್ ಒತ್ತುವ ಕೆಲಸ.

ಮೊದಲ ಗಂಟು ಟರ್ನ್‌ಟೇಬಲ್, ಅಂದರೆ ಮೇಲಿನ ದೇಹ ತಿರುಗುವ ದೊಡ್ಡ ಉಂಗುರ. ಚೈನುಗಳು ಕೆಳಗೆ, ಬ್ಯಾಟರಿ ಮೇಲೆ. ವೈರನ್ನು ಉಂಗುರದ ನಡುವಿನ ತೂತಿನಲ್ಲಿ ಇಳಿಸಿದರೆ ನಾಲ್ಕು ಸುತ್ತು ತಿರುಗುವಷ್ಟರಲ್ಲಿ ಅದು ಹುರಿಯಾಗುತ್ತದೆ. ಎಷ್ಟು ಸುತ್ತು ತಿರುಗಿದೆ ಅಂತ ಲೆಕ್ಕ ಇಟ್ಟುಕೊಂಡು ವಾಪಸ್ ಬಿಚ್ಚುತ್ತಾ ಕೂರಬೇಕು. ನಿಜವಾದ ಯಂತ್ರದಲ್ಲಿ ಇದೇ ಜಾಗದಲ್ಲಿ ಸೆಂಟರ್ ಜಾಯಿಂಟ್ ಅಂತ ಒಂದು ಭಾಗ ಇರುತ್ತದೆ. ಒಂದರೊಳಗೊಂದು ತಿರುಗುವ ಎರಡು ಕೊಳವೆ, ನಡುವೆ ಸೀಲು. ಮೇಲಿನದು ಎಷ್ಟು ಸುತ್ತಿದರೂ ಎಣ್ಣೆ ಕೆಳಗೆ ಇಳಿಯುತ್ತಲೇ ಇರುತ್ತದೆ. ಇಂಥ ತಿರುಗುವ ವೈರ್ ಜೋಡಣೆ ಪವರ್ ಫಂಕ್ಷನ್ಸ್‌ನಲ್ಲಿ ಇಲ್ಲ.

ಮೋಟಾರುಗಳನ್ನೇ ಮೇಲಿಟ್ಟು ಶಾಫ್ಟನ್ನು ನಡುವೆ ಇಳಿಸಿದರೆ? ಕಾಗದದ ಮೇಲೆ ಬರೆದು ನೋಡಿದೆ. ನಡುವೆ ಸಲೀಸಾಗಿ ಇಳಿಯೋದು ಒಂದೇ ಶಾಫ್ಟು, ನನಗೆ ಬೇಕಾದ್ದು ಎರಡು. ಅದಿರಲಿ, ಇನ್ನೊಂದು ತೊಂದರೆ ಇದೆ. ಮೇಲಿನ ದೇಹ ಒಂದು ಸುತ್ತು ತಿರುಗಿದರೆ ಜೊತೆಗೆ ಆ ಶಾಫ್ಟೂ ಒಂದು ಸುತ್ತು ತಿರುಗುತ್ತದೆ. ಅಂದರೆ ನೀವು ಸ್ವಿಂಗ್ ಮಾಡಿದಾಗಲೆಲ್ಲ ಚೈನ್ ತಾನಾಗೇ ಒಂದಿಷ್ಟು ಓಡುತ್ತದೆ. ಗುಂಡಿಯ ಅಂಚಿನಲ್ಲಿ ನಿಂತ ಯಂತ್ರ ಹಾಗೆ ಮಾಡಿದರೆ ಏನು ಗತಿ?

ಕೊನೆಗೆ ಹಿಡಿದ ದಾರಿ ಬೇರೆ. ಉಂಗುರದ ಮೂಲಕ ಏನನ್ನೂ ಇಳಿಸೋದೇ ಬೇಡ. ಕೆಳಗಿನ ಭಾಗಕ್ಕೆ ಅದರದೇ ಬ್ಯಾಟರಿ, ಅದರದೇ ರಿಸೀವರ್. ಪವರ್ ಫಂಕ್ಷನ್ಸ್‌ನಲ್ಲಿ ಆರು ಸಣ್ಣ ಎಎಎ ಸೆಲ್ ಹಾಕುವ ಪುಟ್ಟ ಪೆಟ್ಟಿಗೆ ಇದೆ. ಅದು ಎರಡು ಚೈನುಗಳ ನಡುವೆ ಸರಿಯಾಗಿ ಕೂತಿತು. ರಿಸೀವರಿನ ಕಣ್ಣು ಮಾತ್ರ ಹೊರಗೆ ಇಣುಕಬೇಕು, ಬೆಳಕು ಕಾಣದಿದ್ದರೆ ಅದಕ್ಕೆ ಏನೂ ಕೇಳಿಸೋದಿಲ್ಲ. ಎರಡು ಚೈನುಗಳ ನಡುವೆ ಹಿಂದುಗಡೆ ಅದನ್ನು ಇಟ್ಟೆ. ಕೋಣೆಯೊಳಗೆ ಗೋಡೆಗೆ ಬಡಿದು ಬಂದ ಬೆಳಕೂ ಸಾಕಾಗುತ್ತದೆ. ಅಂಗಳದ ಬಿಸಿಲಿಗೆ ಒಯ್ದರೆ ಮಾತ್ರ ಹತ್ತಿರ ಹೋಗಿ ರಿಮೋಟ್ ತೋರಿಸಿದರೂ ಮಾತು ಕೇಳೋದಿಲ್ಲ. ಸೂರ್ಯನ ಬೆಳಕಿನಲ್ಲೇ ಅಷ್ಟೊಂದು ಇನ್‌ಫ್ರಾರೆಡ್ ಇರುವಾಗ ಪಾಪ, ಅದಕ್ಕೆ ನನ್ನ ರಿಮೋಟ್ ಹೇಗೆ ಕಾಣಬೇಕು?

ಚೈನಿಗೆ ದೊಡ್ಡ ಗಾತ್ರದ ಎಲ್ ಮೋಟಾರ್, ಒಂದೊಂದು ಬದಿಗೆ ಒಂದೊಂದು. ಭಾರ ಇಲ್ಲದಾಗ ಅದು ನಿಮಿಷಕ್ಕೆ 390 ಸುತ್ತಿನ ಆಸುಪಾಸು ತಿರುಗುತ್ತದೆ. ಹಾಗೇ ಬಿಟ್ಟರೆ ಹಿಟಾಚಿ ಆಟೋರಿಕ್ಷಾ ಆಗುತ್ತದೆ. 8 ಹಲ್ಲಿನ ಗೇರಿನಿಂದ 24 ಹಲ್ಲಿನದಕ್ಕೆ, ಮತ್ತೆ 8ರಿಂದ 24ಕ್ಕೆ. ಮೂರು ಮೂರಲೆ ಒಂಬತ್ತು. ವೇಗ ಒಂಬತ್ತನೇ ಒಂದು ಭಾಗಕ್ಕೆ ಇಳಿಯಿತು, ಎಳೆಯುವ ಬಲ ಏರಿತು. ಈ ದರ್ಜೆಯ ಯಂತ್ರ ಗಂಟೆಗೆ ಸುಮಾರು 5 ಕಿ.ಮೀ. ನಡೆಯುತ್ತದೆ. 1:15ಕ್ಕೆ ಇಳಿಸಿದರೆ ಸೆಕೆಂಡಿಗೆ 9 ಸೆಂ.ಮೀ. ಚಿಲ್ಲರೆ. ನನ್ನದು ಹೆಚ್ಚುಕಡಿಮೆ ಅಷ್ಟೇ ನಡೆಯುತ್ತದೆ.

ಗೇರ್ ಜೋಡಿಸುವವರಿಗೆ ಒಂದು ಸೂತ್ರ ಹೇಳಿಬಿಡ್ತೀನಿ, ತುಂಬಾ ಸಮಯ ಉಳಿಯುತ್ತದೆ. ಎರಡು ಗೇರುಗಳ ಹಲ್ಲು ಕೂಡಿಸಿ 16ರಿಂದ ಭಾಗಿಸಿ. ಬಂದ ಉತ್ತರ ಅವುಗಳ ನಡುವೆ ಇರಬೇಕಾದ ದೂರ, ತೂತುಗಳ ಲೆಕ್ಕದಲ್ಲಿ. 8 ಮತ್ತು 24 ಸೇರಿದರೆ 32, ಅಂದರೆ ಎರಡು ತೂತು. 8 ಮತ್ತು 40 ಸೇರಿದರೆ 48, ಮೂರು ತೂತು. ಟರ್ನ್‌ಟೇಬಲಿನ ಹೊರಸುತ್ತಿಗೆ 60 ಹಲ್ಲು ಇದೆ. ಅದಕ್ಕೆ 12 ಹಲ್ಲಿನ ಗೇರ್ ಕೂಡಿಸಿದರೆ 72, ನಾಲ್ಕೂವರೆ ತೂತು. ಆ ಅರ್ಧ ತೂತು ಬೀಮಿನಲ್ಲಿ ಸಿಗೋದಿಲ್ಲ. ಹಳೆಯ ಕಾಲದ ತೂತಿರುವ ಇಟ್ಟಿಗೆಗಳು ಇಲ್ಲಿ ಕೈಹಿಡಿದವು. ಸಾಮಾನ್ಯವಾಗಿ ಅವುಗಳಲ್ಲಿ ತೂತು ಎರಡು ಗುಬುಟುಗಳ ನಡುವೆ ಬರುತ್ತದೆ. ಎರಡು ಗುಬುಟು, ಎರಡು ತೂತಿನ ಇಟ್ಟಿಗೆಯಲ್ಲಿ ಮಾತ್ರ ತೂತು ಗುಬುಟಿನ ನೇರ ಕೆಳಗೆ ಇದೆ. ಎರಡನ್ನೂ ಬೆರೆಸಿದರೆ ಅರ್ಧ ತೂತು ಸಿಕ್ಕಿತು.

ಸ್ವಿಂಗ್ ಮೋಟಾರ್ ಮೇಲಿನ ದೇಹದಲ್ಲೇ ಇದೆ. ಅದರ ಪುಟ್ಟ ಗೇರ್ ಉಂಗುರದ ಹಲ್ಲು ಹಿಡಿದು ಇಡೀ ದೇಹವನ್ನು ಸುತ್ತಲೂ ಎಳೆದುಕೊಂಡು ಹೋಗುತ್ತದೆ. ನಿಜವಾದ ಯಂತ್ರದಲ್ಲೂ ಸ್ವಿಂಗ್ ಮೋಟಾರ್ ಮೇಲೆಯೇ ಇರೋದು. ಮೊದಲು 8ರಿಂದ 40ಕ್ಕೆ, ಆಮೇಲೆ 12ರಿಂದ 60ಕ್ಕೆ, ಒಟ್ಟು 25 ಪಟ್ಟು ಇಳಿತ. ಮಧ್ಯಮ ಗಾತ್ರದ ಎಂ ಮೋಟಾರಿನ 400 ಸುತ್ತು ನಿಮಿಷಕ್ಕೆ 16 ಆಯಿತು. ಭಾರ ಬಿದ್ದರೆ ಇನ್ನೂ ಕಡಿಮೆ. ನೋಡೋಕೆ ಸರಿಯಾಗಿದೆ ಅನಿಸಿತು.

ಆದರೆ ನಿಲ್ಲಿಸಿದಾಗ ಸರಿ ಇರಲಿಲ್ಲ. ಈ ರಿಮೋಟಿನ ಲಿವರಿಗೆ ಮಧ್ಯದ ಹದ ಇಲ್ಲ. ಒತ್ತಿದರೆ ಪೂರ್ತಿ ವೇಗ, ಬಿಟ್ಟರೆ ಪೂರ್ತಿ ನಿಲುಗಡೆ. 38 ಸೆಂ.ಮೀ. ಬೂಮ್, ಅದರ ಮುಂದೆ ಆರ್ಮು, ಬಕೆಟ್ಟು, ಇಷ್ಟೂ ತಿರುಗ್ತಾ ಇರುವಾಗ ಗಕ್ಕನೆ ನಿಂತರೆ ಆ ಒದೆತ ಯಾರಿಗೆ ಬೀಳುತ್ತದೆ? ಪಾಪದ 12 ಹಲ್ಲಿನ ಗೇರಿಗೆ. ಕರ್ ಕರ್ ಅಂತ ಹಲ್ಲು ಹಾರುವ ಸದ್ದು ಕೇಳಿದರೆ ಕರುಳು ಚುರುಕ್ ಅನ್ನುತ್ತದೆ. ನಿಜವಾದ ಯಂತ್ರದಲ್ಲಿ ಒತ್ತಡ ಮೀರಿದರೆ ರಿಲೀಫ್ ವಾಲ್ವ್ ತೆರೆದು ಎಣ್ಣೆ ಪಕ್ಕಕ್ಕೆ ಜಾರುತ್ತದೆ, ಒದೆತ ಕರಗುತ್ತದೆ. ಲೆಗೊದಲ್ಲಿ ಅದಕ್ಕೆ ಸಮನಾದದ್ದು 24 ಹಲ್ಲಿನ ಬಿಳಿ ಕ್ಲಚ್ ಗೇರ್. ಮಿತಿ ಮೀರಿದ ಬಲ ಬಿದ್ದರೆ ಅದರ ನಡುಭಾಗ ಜಾರುತ್ತದೆ, ಹಲ್ಲು ಉಳಿಯುತ್ತದೆ. ಅದನ್ನು ತೂರಿಸೋಕೆ 40ರ ಗೇರ್ ತೆಗೆಯಬೇಕಾಯಿತು. 8ರಿಂದ 24ರ ಕ್ಲಚ್‌ಗೆ, ಅಲ್ಲಿಂದ 12ರಿಂದ 20ಕ್ಕೆ. ಮೂರನ್ನು ಐದು ಬೈ ಮೂರರಿಂದ ಗುಣಿಸಿದರೆ ಮತ್ತೆ ಐದೇ. ವೇಗ ಬದಲಾಗಲಿಲ್ಲ, ಕರ್ ಕರ್ ನಿಂತಿತು. ಲೆಕ್ಕ ಹೀಗೆ ಕೂಡಿಕೊಂಡು ಬರೋದು ಅಪರೂಪ, ಹಾಗಾಗಿ ಆವತ್ತು ಮನೆಯಲ್ಲಿ ಎಲ್ಲರಿಗೂ ಹೇಳಿದೆ. ಯಾರಿಗೂ ಅಷ್ಟು ಖುಷಿ ಆದಂತೆ ಕಾಣಲಿಲ್ಲ.

ಇನ್ನು ಬೂಮ್. ನಿಜವಾದ ಯಂತ್ರದ ಹೈಡ್ರಾಲಿಕ್ ಸಿಲಿಂಡರಿನ ಬದಲು ಲೆಗೊದಲ್ಲಿ ಲೀನಿಯರ್ ಆಕ್ಚುವೇಟರ್ ಇದೆ, 2008ರಲ್ಲಿ ಬಂದದ್ದು. ಒಳಗೆ ಒಂದು ಸ್ಕ್ರೂ. ಅದನ್ನು ತಿರುಗಿಸಿದರೆ ಕೊಳವೆ ಚಾಚಿಕೊಳ್ಳುತ್ತದೆ, ಹಿಂದೆ ತಿರುಗಿಸಿದರೆ ಒಳಗೆ ಹೋಗುತ್ತದೆ. ತುದಿ ಮುಟ್ಟಿದರೆ ಒಳಗಿನ ಕ್ಲಚ್ ಟಕ್ ಟಕ್ ಅನ್ನುತ್ತದೆ. ಇದರ ದೊಡ್ಡ ಗುಣ ಅಂದರೆ ಭಾರ ಎಷ್ಟೇ ಇರಲಿ, ಮೋಟಾರ್ ನಿಂತರೆ ಅದೂ ಅಲ್ಲೇ ನಿಲ್ಲುತ್ತದೆ. ಭಾರದಿಂದ ಸ್ಕ್ರೂ ಹಿಂದೆ ತಿರುಗೋದಿಲ್ಲ.

ಕೊರತೆ ಅಂದರೆ ಚಾಚುವ ಉದ್ದ. ದೊಡ್ಡದು ಚಾಚೋದು ಸುಮಾರು 4 ಸೆಂ.ಮೀ. ಅಷ್ಟೇ. 1:15ರ ಲೆಕ್ಕದಲ್ಲಿ ಬೂಮ್ ಸಿಲಿಂಡರ್ ಅದರ ಎರಡು ಪಟ್ಟು ಚಾಚಬೇಕು. 4 ಸೆಂ.ಮೀ.ನಲ್ಲೇ ಬೂಮ್ ನೆಲದಿಂದ ಆಕಾಶದವರೆಗೆ ಏಳಬೇಕಾದರೆ ಆಕ್ಚುವೇಟರನ್ನು ಬೂಮಿನ ಬುಡದ ಪಿನ್ನಿಗೆ ತುಂಬಾ ಹತ್ತಿರ ಕೂರಿಸಬೇಕು. ಹತ್ತಿರ ಕೂರಿಸಿದಷ್ಟೂ ಅದು ಹೊರಬೇಕಾದ ಭಾರ ಜಾಸ್ತಿ. ಬುಡದಿಂದ ಎಂಟು ತೂತು ದೂರದಲ್ಲಿ ಹಿಡಿದೆ. ಅದು 6.4 ಸೆಂ.ಮೀ. ಬೂಮಿನ ತುದಿ 38 ಸೆಂ.ಮೀ. ಆಚೆ. ತುದಿಯಲ್ಲಿ 100 ಗ್ರಾಂ ಇಟ್ಟರೆ ಇಲ್ಲಿ ಸುಮಾರು 600 ಗ್ರಾಂ ಆಗುತ್ತದೆ. ಬೂಮಿನ ಸ್ವಂತ ತೂಕ, ಆರ್ಮು, ಬಕೆಟ್ ಬೇರೆ. ನಿಜವಾದ ಯಂತ್ರದಲ್ಲಿ ಬೂಮ್‌ಗೆ ಮಾತ್ರ ಎರಡು ಸಿಲಿಂಡರ್, ಆರ್ಮಿಗೂ ಬಕೆಟ್ಟಿಗೂ ಒಂದೊಂದು. ಯಾಕೆ ಅಂತ ಕೈಯಾರೆ ತಿಳಿಯಿತು. ನಾನೂ ಎರಡು ಹಾಕಿದೆ. ಎರಡೂ ಒಂದೇ ಶಾಫ್ಟಿನಿಂದ ತಿರುಗುತ್ತವೆ, ಇಲ್ಲದಿದ್ದರೆ ಒಂದು ಮುಂದೆ ಒಂದು ಹಿಂದೆ ಆಗಿ ಬೂಮ್ ತಿರುಚಿಕೊಳ್ಳುತ್ತದೆ.

ಆಕ್ಚುವೇಟರ್ ಚಾಚುವಾಗ ಅದರ ಬುಡವೂ ಸ್ವಲ್ಪ ತೂಗುತ್ತದೆ. ಹಾಗಾಗಿ ಅದಕ್ಕೆ ತಿರುಗುಬಲ ಕೊಡುವ ಶಾಫ್ಟು ಅದು ತೂಗುವ ಪಿನ್ನಿನ ಜಾಗದಲ್ಲೇ ಹಾಯಬೇಕು. ಶಾಫ್ಟೇ ಪಿನ್ನು, ಪಿನ್ನೇ ಶಾಫ್ಟು. ಈ ಉಪಾಯ ಒಮ್ಮೆ ಕೈಗೆ ಹತ್ತಿದರೆ ಉಳಿದ ಮಡಚುವ ಜಾಗಗಳೂ ಸುಲಭ. ಬಕೆಟ್ಟಿಗೂ ಹೀಗೇ ಮಾಡಿದೆ. ಬಕೆಟ್ ಮೋಟಾರನ್ನು ಆರ್ಮಿನ ತುದಿಯಲ್ಲಿ ಇಡೋದು ಸುಲಭ, ಆದರೆ ಮೋಟಾರಿನ ಸುಮಾರು 30 ಗ್ರಾಂ ಅಷ್ಟು ದೂರದಲ್ಲಿ ತೂಗಿದರೆ ಬೂಮ್‌ಗೆ ಶಿಕ್ಷೆ. ಅದನ್ನು ಬೂಮಿನ ಟೊಳ್ಳಿನೊಳಗೆ, ಆದಷ್ಟೂ ಹಿಂದೆ ಇಟ್ಟೆ. ಅಲ್ಲಿಂದ ಶಾಫ್ಟು ಬಂದು, ಆರ್ಮ್ ಮಡಚುವ ಪಿನ್ನಿನಲ್ಲೇ ಹಾದು, ಓರೆ ಹಲ್ಲಿನ ಗೇರಿನಲ್ಲಿ ತಿರುಗಿ ಬಕೆಟ್ಟಿನ ಸಣ್ಣ ಆಕ್ಚುವೇಟರಿಗೆ ಸೇರುತ್ತದೆ. ಟರ್ನ್‌ಟೇಬಲಿನಲ್ಲಿ ಹೇಳಿದ ತೊಂದರೆ ಇಲ್ಲೂ ಇದೆ. ಆರ್ಮ್ ಮಡಚಿದರೆ ಗೇರ್ ತಾನಾಗೇ ಕಾಲು ಸುತ್ತು ಉರುಳಿ ಬಕೆಟ್ ಅಲುಗಬೇಕು. ಆದರೆ ನಡುವೆ ಸ್ಕ್ರೂ ಇದೆಯಲ್ಲ, ಕಾಲು ಸುತ್ತಿಗೆ ಅದು ಕಣ್ಣಿಗೆ ಕಾಣುವಷ್ಟೂ ಚಾಚೋದಿಲ್ಲ. ಅಲ್ಲಿ ಮಾರಕವಾಗಿದ್ದದ್ದು ಇಲ್ಲಿ ಲೆಕ್ಕಕ್ಕೇ ಇಲ್ಲ.

ಮುಂದೆ ಇಷ್ಟು ಭಾರ ತೂಗಿದರೆ ಹಿಂದೆಯೂ ಬೇಕು. ನಿಜವಾದ ಯಂತ್ರದ ಬೆನ್ನಿಗೆ ಟನ್‌ಗಟ್ಟಲೆ ತೂಕದ ಕೌಂಟರ್‌ವೇಟ್ ಇರುತ್ತದೆ. ನನ್ನದಕ್ಕೆ ದೊಡ್ಡ ಬ್ಯಾಟರಿ ಪೆಟ್ಟಿಗೆಯೇ ಕೌಂಟರ್‌ವೇಟ್. ರೀಚಾರ್ಜ್ ಆಗುವ ಆರು ಎಎ ಸೆಲ್ ಅಂದರೆ 170 ಗ್ರಾಂ ಹತ್ತಿರ. ರೀಚಾರ್ಜ್ ಸೆಲ್ 1.2 ವೋಲ್ಟಿನದು, ಆರಕ್ಕೆ 7.2. ಸಾಮಾನ್ಯ ಸೆಲ್ ಆದರೆ 9. ವೇಗ ಸ್ವಲ್ಪ ಕಡಿಮೆ ಆಗುತ್ತದೆ, ಆದರೆ ಭಾರದ ಯಂತ್ರ ನಿಧಾನ ಇದ್ದರೇ ಚೆಂದ. ಸೆಲ್ ಬದಲಿಸೋಕೆ ಇಡೀ ಬೆನ್ನು ಬಿಚ್ಚಬೇಕಾದಂತೆ ಯಾವತ್ತೂ ಕಟ್ಟಬೇಡಿ. ಎರಡು ಪಿನ್ ಎಳೆದರೆ ಪೆಟ್ಟಿಗೆ ಹೊರಗೆ ಬರಬೇಕು.

ಆರ್ಮಿನ ಬಗ್ಗೆ ಹೇಳೋಕೆ ಅಂಥದ್ದೇನಿಲ್ಲ. ಬೂಮಿನ ಬೆನ್ನ ಮೇಲೆ ಒಂದು ಆಕ್ಚುವೇಟರ್, ಹತ್ತಿರದಲ್ಲೇ ಒಂದು ಮೋಟಾರ್. ಕ್ಯಾಬಿನ್ ಒಂದು ಸಂಜೆಯ ಕೆಲಸ. ಅದರೊಳಗೆ ಕೂರೋಕೆ ಒಬ್ಬ ಗೊಂಬೆ ಬೇಕು ಅಂತ ಮಗಳು ಹಟ ಹಿಡಿದಳು. ಲೆಗೊ ಗೊಂಬೆ ಸುಮಾರು 4 ಸೆಂ.ಮೀ., 1:15ರಲ್ಲಿ ಮನುಷ್ಯ 11 ಸೆಂ.ಮೀ. ಇರಬೇಕು. ಕೂರಿಸಿದರೆ ಸೀಟಿನಲ್ಲಿ ಮಗು ಕೂತಂತೆ ಕಾಣುತ್ತದೆ. ಕೂರಿಸಿದ್ದೇವೆ.

ಓಡಿಸಿದ ಮೊದಲ ನೆಲ ಗ್ರಾನೈಟ್. ಪ್ಲಾಸ್ಟಿಕ್ ಚೈನು ಅದರ ಮೇಲೆ ಸುಮ್ನೆ ಜಾರುತ್ತದೆ. ಚೈನ್ ತುಂಡುಗಳ ತೂತಿಗೆ ಒತ್ತುವ ಸಣ್ಣ ರಬ್ಬರ್ ತುಂಡುಗಳು ಸಿಗುತ್ತವೆ. ಅವನ್ನು ಎರಡು ತುಂಡಿಗೊಂದರಂತೆ ಹಾಕಿದೆ. ಆಮೇಲೆ ನವಲಗುಂದದ ಜಮಖಾನೆ ಮೇಲೆ ಬಿಟ್ಟೆ. ನೇರ ಹೋಗುವಾಗ ಸರಿ, ನಿಂತಲ್ಲೇ ತಿರುಗಿಸಿದರೆ ಮೋಟಾರ್ ಗುರ್ ಅಂದು ರಿಸೀವರ್ ಕರೆಂಟ್ ಕಡಿದುಬಿಡುತ್ತದೆ. ಹಿಡಿತ ಜಾಸ್ತಿ ಆದರೂ ಕಷ್ಟ, ಕಡಿಮೆ ಆದರೂ ಕಷ್ಟ. ಚೈನಿನ ಬಿಗಿಯೂ ಹಾಗೇ. ಬಿಗಿ ಮಾಡಿದರೆ ಮೋಟಾರಿನ ಅರ್ಧ ಬಲ ಅದಕ್ಕೇ ಹೋಗುತ್ತದೆ. ಸಡಿಲ ಬಿಟ್ಟರೆ ತಿರುಗುವಾಗ ಕಳಚುತ್ತದೆ. ಮೇಲ್ಭಾಗದಲ್ಲಿ ಕೊಂಚ ಜೋತಾಡುವಷ್ಟು ಇರಬೇಕು. ನಿಜವಾದ ಯಂತ್ರದಲ್ಲಿ ಮುಂದಿನ ಗಾಲಿಯ ಹಿಂದೆ ಗ್ರೀಸ್ ತುಂಬಿದ ಸಿಲಿಂಡರ್ ಇರುತ್ತದೆ. ಗ್ರೀಸ್ ಗನ್ನಿನಿಂದ ಗ್ರೀಸ್ ಹೊಡೆದರೆ ಗಾಲಿ ಮುಂದೆ ಸರಿದು ಚೈನ್ ಬಿಗಿಯಾಗುತ್ತದೆ. ನಾನು ಗಾಲಿಯನ್ನು ಒಂದು ತೂತು ಹಿಂದೆ ಮುಂದೆ ಮಾಡಿ ಹೊಂದಿಸಿದೆ.

ಬಕೆಟ್ಟಿಗೆ ಮಣ್ಣು ಹಾಕಲಿಲ್ಲ. ಮರಳಿನ ಕಾಳು ಗೇರಿನೊಳಗೆ ಹೋದರೆ ಕಥೆ ಮುಗೀತು. ರಾಗಿಯೂ ಅಷ್ಟೇ, ಎಲ್ಲೆಲ್ಲೋ ಉರುಳಿ ಸೇರುತ್ತದೆ. ಕಡಲೆಕಾಳು ಒಳ್ಳೇದು. ಪರಾತದಲ್ಲಿ ರಾಶಿ ಹಾಕಿ, ಅಗೆದು, ತಿರುಗಿಸಿ, ಬಾಣಲೆಗೆ ಸುರಿಯೋದು. ಅಡುಗೆಮನೆಯಿಂದ ಒಂದೆರಡು ಮಾತು ಬಂದವು, ಬರೆಯೋದು ಬೇಡ.

ಒಳಚರಂಡಿ ಕೆಲಸದ ಹಿಟಾಚಿ ಆಪರೇಟರ್ ಕೊಪ್ಪಳದ ಕಡೆಯ ಹುಡುಗ. ನಾನು ದಿನಾ ನಿಂತು ನೋಡೋದನ್ನು ಕಂಡು ಅವನೇ ಮಾತಾಡಿಸಿದ್ದ. ಕಟ್ಟಿದ ಮೇಲೆ ಚಹಾಕ್ಕೆ ಕರೆದು ತೋರಿಸಿದೆ. ರಿಮೋಟುಗಳನ್ನು ಅವನ ಯಂತ್ರದ ಲಿವರುಗಳಂತೆಯೇ ಹೊಂದಿಸಿದ್ದೆ. ಎಡಗೈಗೆ ಸ್ವಿಂಗು ಮತ್ತು ಆರ್ಮು, ಬಲಗೈಗೆ ಬೂಮು ಮತ್ತು ಬಕೆಟ್ಟು. ಚೈನಿಗೆ ಮೂರನೇ ರಿಮೋಟು. ಹೇಳಿಕೊಡುವ ಅಗತ್ಯವೇ ಬರಲಿಲ್ಲ.

"ನಿಧಾನಕ ಬಿಡಾಕ ಬರಂಗಿಲ್ಲೇನ್ರಿ ಸರ?" ಅಂತ ಮೊದಲ ಪ್ರಶ್ನೆ.

"ಇಲ್ಲಪ್ಪಾ, ಒಂದೋ ಪೂರ್ತಿ, ಇಲ್ಲಾ ಬಂದ್" ಅಂದೆ.

ಅವನು ಒಂದು ನಿಮಿಷದಲ್ಲಿ ಉಪಾಯ ಕಂಡುಕೊಂಡ. ಲಿವರನ್ನು ತಟ್ಟಿ ತಟ್ಟಿ ಬಿಡೋದು. ಬೂಮ್ ಇಷ್ಟಿಷ್ಟೇ ಇಳಿಯಿತು. ಬೂಮ್ ಏಳುತ್ತಿರುವಾಗಲೇ ಸ್ವಿಂಗ್ ಮಾಡಿದ, ಅದೇ ಹೊತ್ತಿಗೆ ಬಕೆಟ್ ಮಡಚಿದ. ನಾನು ಒಂದಾದ ಮೇಲೊಂದು ಮಾಡುತ್ತಿದ್ದೆ. ಮೂರೂ ಒಟ್ಟಿಗೆ ನಡೆದಾಗ ಎಲ್ಲವೂ ನಿಧಾನ ಆದವು. ಬ್ಯಾಟರಿ ಪೆಟ್ಟಿಗೆ ಒಂದೇ, ಕರೆಂಟು ಹಂಚಿಹೋಗಬೇಕಲ್ಲ.

"ನಮ್ದೂ ಹಿಂಗ ಐತ್ರಿ. ಎಲ್ಲಾ ಕೂಡಿಸಿ ಜಗ್ಗಿದ್ರ ಎಣ್ಣಿ ಸಾಲಂಗಿಲ್ಲ" ಅಂದ.

ಅವನ ಕೈಯಲ್ಲಿ ಒಂದು ದೋಷವೂ ಹೊರಬಿತ್ತು. ಬಕೆಟ್ ಹಲ್ಲನ್ನು ನೆಲಕ್ಕೆ ಊರಿ ಆರ್ಮ್ ಎಳೆದಾಗ, ಮೊದಲು ಸ್ವಲ್ಪ ಹೊತ್ತು ಏನೂ ಆಗೋದಿಲ್ಲ, ಆಮೇಲೆ ಎಳೆಯುತ್ತದೆ. ಗೇರುಗಳ ನಡುವಿನ ಸಡಿಲ, ಪಿನ್ನುಗಳ ಸಡಿಲ, ಎಲ್ಲ ಸೇರಿ ಬಕೆಟ್ ತುದಿಯಲ್ಲಿ ಒಂದು ಬೆರಳಿನಷ್ಟು ಆಟ ಇತ್ತು. "ಪಿನ್ ಬುಷ್ ಸವದಾವ್ರಿ ನಿಮ್ದು" ಅಂತ ನಕ್ಕ. ಹಳೆಯ ಯಂತ್ರದಲ್ಲಿ ಹಾಗೇ ಆಗುತ್ತದಂತೆ. ಆಮೇಲೆ ಆರ್ಮ್ ಮೋಟಾರನ್ನು ಆಕ್ಚುವೇಟರಿಗೆ ಇನ್ನೂ ಹತ್ತಿರ ತಂದು, ನಡುವಿನ ಒಂದು ಜೋಡಿ ಗೇರ್ ತೆಗೆದೆ. ಆರ್ಮಿನ ಪಿನ್ನಿಗೆ ಜಾರುವ ಬೂದು ಪಿನ್ನಿನ ಬದಲು ಉದ್ದ ಆಕ್ಸಲ್ ಹಾಕಿ ಎರಡೂ ಬದಿ ಬುಷ್ ಬಿಗಿದೆ. ಆಟ ಅರ್ಧಕ್ಕಿಂತ ಕಡಿಮೆ ಆಗಿದೆ.

ಈಗ ಅವನದು ಹೊಸ ಬೇಡಿಕೆ. "ಬ್ರೇಕರ್ ಹಾಕ್ರಿ ಸರ, ಬಂಡಿ ಒಡ್ಯೂದು." ಬಂಡೆ ಒಡೆಯುವ ಸುತ್ತಿಗೆ. ಮಾಡಬಹುದು. ಇನ್‌ಫ್ರಾರೆಡ್‌ಗೆ ನಾಲ್ಕು ಚಾನೆಲ್, ಒಂದೊಂದರಲ್ಲಿ ಎರಡು ಕೆಲಸ, ಒಟ್ಟು ಎಂಟು. ನಾನು ಬಳಸಿರೋದು ಆರು. ಮೋಟಾರೂ ಒಂದು ಉಳಿದಿದೆ. ಸುತ್ತುವ ಚಲನೆಯನ್ನು ಗುದ್ದುವ ಚಲನೆ ಮಾಡೋಕೆ ನಡು ತಪ್ಪಿಸಿ ಕೂರಿಸಿದ ಒಂದು ಚಕ್ರ ಸಾಕು. ಆದರೆ ಆ ಮೋಟಾರಿಗೆ ಬೂಮಿನ ಟೊಳ್ಳಿನಲ್ಲಿ ಇನ್ನು ಜಾಗ ಇಲ್ಲ. ಆರ್ಮಿನ ತುದಿಯಲ್ಲಿ ತೂಗು ಹಾಕಿದರೆ ಎರಡು ಆಕ್ಚುವೇಟರ್ ಸಾಲೋದಿಲ್ಲ. ಬಕೆಟ್ ಮೋಟಾರಿನಿಂದಲೇ ಕೆಲಸ ಮಾಡಿಸಿ, ಬಕೆಟ್ ಬಿಚ್ಚಿದಾಗ ಅದೇ ಶಾಫ್ಟಿನಿಂದ ಸುತ್ತಿಗೆ ಹೊಡೆಯುವಂತೆ ಮಾಡಿದರೆ ಹೇಗೆ ಅಂತ ನೋಡ್ತಿದ್ದೀನಿ. ಆದರೆ ಆಗ ಸುತ್ತಿಗೆಯ ಕೋನ ಬದಲಿಸೋಕೆ ಮೋಟಾರ್ ಇರೋದಿಲ್ಲ. ಕೈಯಲ್ಲೇ ತಿರುಗಿಸಿ ಪಿನ್ ಹಾಕಬೇಕು.